ಅಭಿಮಾನಿಗಳ ಸ್ಮರಣೆಯಲ್ಲಿ ಎ. ಕೆ. ಹಂಗಲ್

ನಾಯಕ ನಟನಿಗೆ ದೊರೆಯುವ ಅಭಿಮಾನವು ಒಂದು ಬಗೆಯದು. ಪೋಷಕ ನಟನಿಗೆ ದೊರೆಯುವುದು ಮತ್ತೊಂದು ಬಗೆಯದು. ನಾಯಕನ ಹೆಸರಿನಿಂದ ಚಿತ್ರವನ್ನು ಗುರುತಿಸುವ ಪ್ರೇಕ್ಷಕರು ಪೋಷಕ ನಟನನ್ನು ಚಿತ್ರದ ಒಂದು ಸನ್ನಿವೇಶದಿಂದ, ಹಲವೊಮ್ಮೆ ಒಂದೇ ಒಂದು ಮಾತಿನಿಂದ ಗುರುತಿಸುವರು. ಹಿಂದೀ ಚಲಚ್ಚಿತ್ರಗಳ ಹಿರಿಯ ಪೋಷಕ ನಟರಾಗಿದ್ದ ಅವತಾರ ಕಿಶನ್ ಹಂಗಲ್ ಅವರು 2012ರ ಆಗಸ್ಟ್ 26ರಂದು ಮುಂಬಯಿಯಲ್ಲಿ ನಿಧನ ಹೊಂದಿದರು. ಇನ್ನೂರಕ್ಕೂ ಮಿಕ್ಕ ಚಿತ್ರಗಳಲ್ಲಿ ಅಭಿನಯಿಸಿದ ಈ ಕಲಾವಿದರನ್ನು ಬಹುಮಂದಿ ಅಭಿಮಾನಿಗಳು ಇಂದಿಗೂ ನೆನೆಯುವುದು ‘ಶೋಲೆ’ ಚಿತ್ರದ ಕುರುಡ ಇಮಾಮ ರಹೀಮ್ ಚಾಚಾ ಕೇಳುವ ಒಂದು ಪ್ರಶ್ನೆಯಿಂದ. ಈ ಅಭಿಮಾನವು ಏನನ್ನು ಉಳಿಸಿಕೊಂಡಿದೆ, ಏನನ್ನು ಕೈಬಿಟ್ಟಿದೆ ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ಯ ಹಳ್ಳಿಯನ್ನು ನಮ್ಮ ರಾಮನಗರದ ಬಂಡೆಗಳ ನಡುವೆ ನಿರ್ಮಿಸಲಾಗಿತ್ತೆಂಬುದು ಸುಪರಿಚಿತ ಸಂಗತಿ. ಡಕಾಯಿತನಿಂದ ಹತನಾದ ಚಾಚಾನ ಮಗ ಅಹಮದನ ಶವವನ್ನು ಕುದುರೆಯೊಂದು ಹೊತ್ತು ತರುತ್ತದೆ. ಊರೆಲ್ಲ ಮೂಕವಾಗುತ್ತದೆ. ಕಣ್ಣಿಲ್ಲದ ತಂದೆ, ಇಷ್ಟೊಂದು ಮೌನವೇಕೆಂದು ವಿಚಾರಿಸುತ್ತಾನೆ. ಅಭಿಮಾನಿಗಳು ಎತ್ತಿಕೊಂಡುದು ಈ ಪ್ರಶ್ನೆಯನ್ನು ಮಾತ್ರ. ಗೆಳೆಯರ ಗೋಷ್ಠಿಯಲ್ಲಿ ಮಾತು ನಿಂತಾಗ ಅದನ್ನು ಪರಿಹಾಸಕ್ಕಾಗಿ ಉಚ್ಚರಿಸುವುದು ವಾಡಿಕೆಯಾಗಿ ಹೋಗಿದೆ. ಆದರೆ ಸನ್ನಿವೇಶದ ಸಾರವಿರುವುದು ಪ್ರಶ್ನೆಯಲ್ಲಲ್ಲ, ಅದರ ಮುಂದಿನ ಭಾಗದಲ್ಲಿ. ತಮ್ಮನ್ನು ಕಾಯಲು ಬಂದ ಇಬ್ಬರನ್ನು ಡಕಾಯಿತನಿಗೆ ಒಪ್ಪಿಸಿಬಿಡೋಣ, ಈ ಹೊರೆಯನ್ನು ಇನ್ನು ತಾಳಲಾರೆವೆಂದು ಊರಿನವರು ಹೇಳುವಾಗ, ಮಗನ ಶವಕ್ಕೆ ಹೆಗಲು ಕೊಡಬೇಕಾದ ಮುದುಕನೇ ಅವರನ್ನು ತಡೆಯುತ್ತಾನೆ. ತಂದೆಯ ಹೆಗಲ ಮೇಲಿನ ಮಗನ ಚಟ್ಟಕ್ಕಿಂತ ಭಾರವಾದುದು ಯಾವುದು, ಅದನ್ನೇ ತಾನು ಹೊರಬಲ್ಲೆನಾದರೆ ನೀವು ಕಷ್ಟವನ್ನು ಹೊರಲಾರಿರೇಕೆ ಎಂಬುದು ಆತನ ವಾದ. ಶೋಕವು ಇಲ್ಲಿ ತರ್ಕವಾಗಿ, ತರ್ಕವು ಊರಿನ ನಿರ್ಧಾರವಾಗಿ ಪರಿಣಮಿಸುತ್ತದೆ. ಹಂಗಲ್ ಅವರು ಈ ಮಾತುಗಳನ್ನು ಅಬ್ಬರಿಸದೆ, ಅಂಗಲಾಚದೆ, ಪ್ರಾರ್ಥನೆಗೆ ಹೊತ್ತಾಯಿತೆನ್ನುವ ವೃದ್ಧನ ಸಹಜ ಧ್ವನಿಯಲ್ಲಿಯೇ ಆಡಿದ್ದಾರೆ. ಈ ಭಾಗವನ್ನು ಬಿಟ್ಟು ಪ್ರಶ್ನೆಯೊಂದನ್ನೇ ಉಳಿಸಿಕೊಂಡ ಅಭಿಮಾನವು, ಧೀರನೊಬ್ಬನನ್ನು ಕೇವಲ ಕನಿಕರಕ್ಕೆ ಪಾತ್ರನಾದ ಮುದುಕನನ್ನಾಗಿ ಮಾಡಿದೆ.

ಇತರ ಪಾತ್ರಗಳನ್ನು ನೋಡಿದರೆ ಈ ನಷ್ಟದ ಪ್ರಮಾಣ ತಿಳಿಯುವುದು. ‘ಬಾವರ್ಚಿ’ಯಲ್ಲಿ (1972) ಅವರು ಕುಡಿತದ ಅಭ್ಯಾಸವುಳ್ಳ ಗುಮಾಸ್ತ, ‘ನಮಕ್ ಹರಾಮ್’ನಲ್ಲಿ (1973) ಕಾರ್ಖಾನೆಯ ಕಾರ್ಮಿಕರ ಹಳೆಯ ಮುಂದಾಳು, ‘ಶೌಕೀನ್’ನಲ್ಲಿ (1982) ಇಳಿವಯಸ್ಸಿನಲ್ಲಿಯೂ ಚಪಲವನ್ನು ಬಿಡದ ಮೂವರು ಮುದುಕರಲ್ಲೊಬ್ಬ. ಮೈಸೂರಿನವರಾದ ಎಂ. ಎಸ್. ಸತ್ಯು ಅವರು ನಿರ್ದೇಶಿಸಿದ ‘ಗರಮ್ ಹವಾ’ ಚಿತ್ರವು ಸೆನ್ಸಾರಿನ ತೊಡಕುಗಳನ್ನು ದಾಟಿ 1974ರಲ್ಲಿ ಮೊದಲು ಬೆಂಗಳೂರಿನಲ್ಲಿ ತೆರೆಕಂಡಿತು. ಅದರಲ್ಲಿ ಹಂಗಲ್ ಅವರದು ವಿಭಜನೆಯಿಂದ ನೆಲೆ ಕಳೆದುಕೊಂಡು ಆಗ್ರಾಕ್ಕೆ ಬಂದ ವ್ಯಾಪಾರಿ ಅಜ್ಮಾನಿಯ ಪಾತ್ರ. ಸಲೀಂ ಮಿರ್ಜಾನ ಪೂರ್ವಿಕರ ಮನೆ ಈತನ ಪಾಲಾಗುತ್ತದೆ. ಪರರ ನಷ್ಟದಿಂದ ಲಾಭ ಪಡೆದವನು, ತಾನೂ ಅದೇ ಬಗೆಯ ನಷ್ಟವನ್ನು ಉಂಡವನು: ಈ ಇಬ್ಬಗೆಯ ಸ್ಥಿತಿಯನ್ನು ನಟರು ಸಂಕೋಚ ಬೆರೆತ ಮರ್ಯಾದೆಯಿಂದಲೇ ಸೂಚಿಸಿದ್ದಾರೆ. ಗೋವಿಂದ ನಿಹಲಾನಿಯವರ ‘ತಮಸ್’ ದೂರದರ್ಶನದಲ್ಲಿ 1988ರಲ್ಲಿ ಪ್ರಸಾರವಾದಾಗಲೂ ವಿಭಜನೆಯ ಆ ಕಥೆಯಲ್ಲಿ ಅವರಿದ್ದರು. ಸದಾ ಸಾತ್ತ್ವಿಕ, ಸದಾ ದೀನ ಎಂಬ ಜನಪ್ರಿಯ ಚಿತ್ರಣಕ್ಕೆ ಇವುಗಳಲ್ಲಿ ಹಲವು ಪಾತ್ರಗಳು ಒಗ್ಗಲಾರವು.

ಅಭಿಮಾನಿಗಳಲ್ಲಿ ಹೆಚ್ಚು ತಿಳಿದವರು ಬೇರೊಂದು ವಾದವನ್ನು ಹೂಡುವುದುಂಟು. ಹಂಗಲ್ ಅವರು ಸಿಯಾಲ್‌ಕೋಟೆಯಲ್ಲಿ ಹುಟ್ಟಿ ಪೇಶಾವರದಲ್ಲಿ ಬೆಳೆದವರು. ಹೆಸರನ್ನು ಕೇಳಿ ಕನ್ನಡಿಗರು ನಮ್ಮ ಹಾನಗಲ್ಲನ್ನು ನೆನೆಯುವುದು ಸಹಜವಾದರೂ ಅದು ಕಾಶ್ಮೀರಿ ಪಂಡಿತರ ಮನೆತನವೊಂದರ ಹೆಸರು. ಅವರು ದರ್ಜಿಯ ವೃತ್ತಿಯನ್ನು ಕೈಕೊಂಡು, ಸ್ವಾತಂತ್ರ್ಯ ಚಳವಳಿಯಲ್ಲಿಯೂ ಕಾರ್ಮಿಕ ಸಂಘಟನೆಯಲ್ಲಿಯೂ ತೊಡಗಿ, ವಿಭಜನೆಯ ಅನಂತರ ಕರಾಚಿಯಲ್ಲಿ ಸೆರೆಮನೆಯನ್ನು ಕಂಡು, 1949ರಲ್ಲಿ ಮುಂಬಯಿಗೆ ಬಂದರು. ಜನನಾಟ್ಯ ಸಂಘದ ರಂಗಭೂಮಿಯಲ್ಲಿ ದುಡಿದು, ಐವತ್ತರ ಆಸುಪಾಸಿನಲ್ಲಿ ಚಿತ್ರರಂಗವನ್ನು ಪ್ರವೇಶಿಸಿದರು. ಆದುದರಿಂದ ಕಾರ್ಮಿಕ ಮುಂದಾಳುವನ್ನೂ ನಿರಾಶ್ರಿತನನ್ನೂ ಅವರು ‘ಅಭಿನಯಿಸಲಿಲ್ಲ, ಬಾಳಿದರು’ ಎಂಬುದು ಈ ವಾದ. ಕೇಳಲು ಇಂಪಾದರೂ ಇದು ವಿಚಾರಕ್ಕೆ ನಿಲ್ಲದು. ಸೆರೆವಾಸವನ್ನು ಅನುಭವಿಸಿದವರೆಲ್ಲರೂ ನಟರಾಗಲಿಲ್ಲ; ‘ಶೌಕೀನ್’ನ ಮುದುಕನಿಗೆ ಈ ಜೀವನ ವೃತ್ತಾಂತವು ಆಧಾರವನ್ನೂ ಒದಗಿಸದು. ಬಾಳಿನ ಅನುಭವವು ನಟನಿಗೆ ಸಾಮಗ್ರಿ ಮಾತ್ರ; ಅದನ್ನು ಅಳತೆಯರಿತು ಕತ್ತರಿಸಿ ಹೊಲಿಯುವುದು ಬೇರೆಯೇ ಕೌಶಲ. ಆ ಕೌಶಲವನ್ನು ಅವರಿಗೆ ಕಲಿಸಿದುದು ರಂಗಭೂಮಿ.

ಚರಿತ್ರೆಯ ದೃಷ್ಟಿಯಿಂದ ಅಭಿಮಾನದ ನಿಜವಾದ ಪರೀಕ್ಷೆ ನಡೆದುದು 1993ರಲ್ಲಿ. ಹುಟ್ಟೂರನ್ನು ನೋಡುವ ಹಂಬಲದಿಂದ ಪ್ರವೇಶಪತ್ರಕ್ಕಾಗಿ ಪಾಕಿಸ್ತಾನದ ದೂತ ಕಚೇರಿಯನ್ನು ಸಂಪರ್ಕಿಸಿದ ಹಂಗಲ್ ಅವರು, ಅಲ್ಲಿಯ ಆಹ್ವಾನದ ಮೇರೆಗೆ ಆ ದೇಶದ ದಿನಾಚರಣೆಗೂ ಹೋದರು. ಶಿವಸೇನೆಯು ಅವರ ಚಿತ್ರಗಳನ್ನು ಬಹಿಷ್ಕರಿಸಬೇಕೆಂದು ಕರೆಯಿತ್ತಿತು. ಸುಮಾರು ಎರಡು ವರ್ಷ ಅವರಿಗೆ ಕೆಲಸವೇ ಇಲ್ಲವಾಯಿತು. ಸ್ವಾತಂತ್ರ್ಯಕ್ಕಾಗಿ ಹೋರಾಡಿದವರ ದೇಶನಿಷ್ಠೆಯನ್ನು ಶಂಕಿಸಿದಾಗ, ಚಾಚಾನ ಪ್ರಶ್ನೆಯನ್ನು ಬಾಯಿಪಾಠ ಮಾಡಿದ್ದ ಅಸಂಖ್ಯ ಪ್ರೇಕ್ಷಕರ ಅಭಿಮಾನವು ಆ ಬಹಿಷ್ಕಾರವನ್ನು ತಡೆಯುವಷ್ಟು ಬಲವುಳ್ಳದ್ದಾಗಲಿಲ್ಲ. ಪಾತ್ರದ ಕೊನೆಯ ಭಾಗವನ್ನು ಮರೆತ ಸ್ಮರಣೆಯಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದೂ ಕಷ್ಟ. ಅನಂತರ ಮನ್ನಣೆ ಬಂದಿತು: 2006ರಲ್ಲಿ ಪದ್ಮಭೂಷಣ ದೊರೆಯಿತು, 2012ರಲ್ಲಿ, ಗಾಲಿಕುರ್ಚಿಯಲ್ಲಿ ಕುಳಿತೇ, ‘ಮಧುಬಾಲಾ’ ಎಂಬ ಧಾರಾವಾಹಿಯಲ್ಲಿ ಅವರು ಕಡೆಯ ಬಾರಿ ಕಾಣಿಸಿಕೊಂಡರು.

ಅಭಿಮಾನಿಗಳ ಪ್ರೀತಿಯನ್ನು ಹಗುರವಾಗಿ ಕಾಣುವುದು ಇಲ್ಲಿಯ ಅಭಿಪ್ರಾಯವಲ್ಲ. ವಿಮರ್ಶಕರು ನಾಯಕ, ನಿರ್ದೇಶಕರ ಚರ್ಚೆಯಲ್ಲಿ ಮಗ್ನರಾಗಿದ್ದಾಗ ಪೋಷಕ ನಟರ ಹೆಸರನ್ನು ಕಾಪಾಡಿದವರು ಅವರೇ. ಆದರೆ ಪ್ರೀತಿಯು ಆಯ್ದುಕೊಳ್ಳುತ್ತದೆ. ಆಯ್ದು ಬಿಟ್ಟುದನ್ನು ಮರಳಿ ಎತ್ತಿ ತೋರಿಸುವುದು ವಿಮರ್ಶೆಯ ಹೊಣೆ. ಕಾಲೇಜುಗಳಲ್ಲಿ ವಿಭಜನೆಯ ಚರಿತ್ರೆಯನ್ನು ಬೋಧಿಸುವಾಗ ‘ಗರಮ್ ಹವಾ’ವನ್ನು ತೋರಿಸುವ ಅಧ್ಯಾಪಕರು, ಮನೆಯನ್ನು ಕಳೆದುಕೊಂಡ ಮಿರ್ಜಾನೊಡನೆ ಅದನ್ನು ಪಡೆದ ಅಜ್ಮಾನಿಯ ಕಡೆಗೂ ವಿದ್ಯಾರ್ಥಿಗಳ ಗಮನವನ್ನು ಸೆಳೆಯುವುದು ಉಚಿತ.