ಬಯಲು ಮತ್ತು ಬಂಡಿಜಾಡು: ‘ರೆಡ್ ಡೆಡ್ ರಿಡೆಂಪ್ಶನ್ ೨’ರ ಗುಣದೋಷ ವಿಚಾರ

ಕಾವ್ಯನಾಟಕಗಳನ್ನು ಅಳೆಯುವ ಕೋಲಿನಿಂದಲೇ ವಿಡಿಯೋ ಆಟವೊಂದನ್ನು ಅಳೆಯಬಹುದೇ ಎಂಬ ಪ್ರಶ್ನೆಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಓದುವವನು ಓದುತ್ತಾನೆ, ನೋಡುವವನು ನೋಡುತ್ತಾನೆ. ಆಡುವವನಾದರೋ ಕಥಾನಾಯಕನ ಕೈಕಾಲುಗಳನ್ನು ತಾನೇ ಆಡಿಸುತ್ತಾನೆ. ನಾಯಕನು ತಪ್ಪಿ ನಡೆದಾಗ ಆ ತಪ್ಪಿನಲ್ಲಿ ಸಹೃದಯನ ಬೆರಳೂ ಸೇರಿರುತ್ತದೆ. ಈ ಹೊಸ ಸಂಬಂಧದ ಶಕ್ತಿಯನ್ನೂ ಇಕ್ಕಟ್ಟನ್ನೂ ಒಂದೇ ಕಡೆ ಕಾಣಬಯಸುವವರು ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆಯು ೨೦೧೮ರ ಅಕ್ಟೋಬರಿನಲ್ಲಿ ಹೊರತಂದ ‘ರೆಡ್ ಡೆಡ್ ರಿಡೆಂಪ್ಶನ್ ೨’ ಎಂಬ ಆಟವನ್ನು ಪರಿಶೀಲಿಸಬೇಕು.

‘ವೆಸ್ಟರ್ನ್’ ಎಂಬ ಕಥಾಪ್ರಕಾರವು ಕನ್ನಡಿಗರಿಗೆ ತೀರ ಅಪರಿಚಿತವೇನೂ ಅಲ್ಲ. ೧೯೭೫ರಲ್ಲಿ ತೆರೆಕಂಡ ‘ಶೋಲೆ’ ಚಿತ್ರಕ್ಕಾಗಿ ರಾಮನಗರದ ಬಂಡೆಗಳ ನಡುವೆ ಊರೊಂದು ಎದ್ದುದು ಈ ಪ್ರಕಾರದ ಋಣದಿಂದಲೇ. ಕುದುರೆ, ಪಿಸ್ತೂಲು, ಧೂಳು, ಒಂಟಿ ಗಂಡಸಿನ ಕೆಚ್ಚು ಇವೇ ಅದರ ಪರಿಕರಗಳು. ಆದರೆ ಈ ಆಟವು ಆಯ್ದುಕೊಂಡಿರುವುದು ಆ ಲೋಕದ ಪ್ರಾಯವನ್ನಲ್ಲ, ಮುಪ್ಪನ್ನು. ಅಮೆರಿಕದಲ್ಲಿ ಇನ್ನು ಗಡಿನಾಡಿನ ರೇಖೆಯೆಂಬುದು ಉಳಿದಿಲ್ಲವೆಂದು ೧೮೯೦ರ ಜನಗಣತಿಯು ಸಾರಿತು. ಆ ಮಾತನ್ನೇ ಆಧಾರವಾಗಿಟ್ಟುಕೊಂಡು ಇತಿಹಾಸಕಾರ ಫ್ರೆಡರಿಕ್ ಜಾಕ್ಸನ್ ಟರ್ನರ್ ೧೮೯೩ರಲ್ಲಿ ತನ್ನ ಪ್ರಸಿದ್ಧ ಪ್ರಬಂಧವನ್ನು ಓದಿದನು. ಆಟದ ಕಥೆ ತೊಡಗುವುದು ೧೮೯೯ರಲ್ಲಿ. ತಂತಿಕಂಬ, ರೈಲು, ಎಣ್ಣೆಬಾವಿ, ಖಾಸಗಿ ಪತ್ತೇದಾರರು, ಇವೆಲ್ಲ ಬಂದಾಗಿವೆ. ದರೋಡೆಕೋರನಿಗೆ ಅಡಗಲು ಜಾಗವಿಲ್ಲ.

ಡಚ್ ವಾನ್ ಡರ್ ಲಿಂಡ್ ಎಂಬ ಮಾತುಗಾರನ ತಂಡವು ಬ್ಲ್ಯಾಕ್‌ವಾಟರ್ ಎಂಬ ಊರಿನಲ್ಲಿ ಕೈಹಾಕಿದ ದೋಣಿಯ ದರೋಡೆ ಕೆಟ್ಟು, ಹಿಮದ ಬೆಟ್ಟಗಳಿಗೆ ಓಡಿಬಂದಿದೆ. ಹುಡುಗನಾಗಿದ್ದಾಗಲೇ ಅವನ ಆಶ್ರಯಕ್ಕೆ ಬಂದು ಅವನ ಬಲಗೈಯಾಗಿ ಬೆಳೆದ ಆರ್ಥರ್ ಮಾರ್ಗನ್ ಕಥೆಯ ನಾಯಕ. ಇನ್ನೊಂದು ದೊಡ್ಡ ಗಂಟು ಕೈಗೆ ಬಂದರೆ ಸಾಕು, ಎಲ್ಲಿಗಾದರೂ ಹೋಗಿ ನೆಮ್ಮದಿಯಾಗಿರೋಣ ಎಂದು ಡಚ್ ಹೇಳುತ್ತಲೇ ಇರುತ್ತಾನೆ. ಆ ಗಂಟು ಬರುವುದಿಲ್ಲ. ತಂಡ ಮಾತ್ರ ಒಬ್ಬೊಬ್ಬರಾಗಿ ಸವೆಯುತ್ತದೆ.

ಆಟದ ಮೊದಲ ಹಿರಿಮೆ ಅದರ ಭೂಮಿ. ಐದು ಕಲ್ಪಿತ ರಾಜ್ಯಗಳು; ವ್ಯಾಲೆಂಟೈನಿನ ಕೆಸರುಬೀದಿಯಿಂದ ಹಿಡಿದು, ನ್ಯೂ ಆರ್ಲಿಯನ್ಸಿನ ಅಚ್ಚಿನಲ್ಲಿ ಎರಕಹೊಯ್ದ ಸೇಂಟ್ ಡೆನಿಸಿನ ಹೊಗೆಯವರೆಗೆ ಆಟಗಾರನು ಎಲ್ಲಿ ಬೇಕಾದರೂ ಕುದುರೆಯೇರಿ ಹೋಗಬಹುದು. ಬರಿಯ ವಿಸ್ತಾರವಾದರೆ ಇದಕ್ಕಿಂತ ದೊಡ್ಡ ಆಟಗಳುಂಟು. ಇಲ್ಲಿಯದು ನಿಧಾನದ ಸೌಂದರ್ಯ. ಜಿಂಕೆಯನ್ನು ಹೊಡೆದರೆ ಬಳಿಗೆ ನಡೆಯಬೇಕು, ಚರ್ಮ ಸುಲಿಯಬೇಕು, ಹೆಗಲಿಗೆ ಹೊತ್ತು ಕುದುರೆಯ ಬೆನ್ನಿಗೆ ಹೇರಬೇಕು. ತಡಮಾಡಿದರೆ ಮಾಂಸ ಕೆಡುತ್ತದೆ. ಕುದುರೆಗೆ ಮೇವು ಹಾಕಿ, ಮೈಯುಜ್ಜಿ, ಕತ್ತು ತಟ್ಟಿ ನಂಬಿಕೆ ಗಳಿಸಬೇಕು; ಕಾದಾಟದಲ್ಲಿ ಅದು ಸತ್ತರೆ ಗಳಿಸಿದ ನಂಬಿಕೆಯೂ ಅದರೊಡನೆ ಹೋಗುತ್ತದೆ. ಈ ಮಂದಗತಿ ಬೇಸರ ತರಿಸುತ್ತದೆಂದು ದೂರಿದವರು ಅನೇಕರು. ವಿಲಂಬಿತ ಖ್ಯಾಲನ್ನು ಕುಳಿತು ಕೇಳಬಲ್ಲವರಿಗೆ ಈ ದೂರು ಅಷ್ಟಾಗಿ ತಾಗಲಾರದು. ರಾಗವು ಒಂದೊಂದೇ ಸ್ವರದಲ್ಲಿ ಬಿಚ್ಚಿಕೊಳ್ಳುವಂತೆ ಇಲ್ಲಿಯ ಲೋಕವೂ ಸಣ್ಣ ಕೆಲಸಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಆರ್ಥರನು ದಿನಚರಿಯ ಪುಸ್ತಕದಲ್ಲಿ ತಾನು ಕಂಡ ಹಕ್ಕಿ, ಮನೆ, ಮುಖಗಳ ಚಿತ್ರ ಬರೆಯುತ್ತಾನೆ; ಬಾಯಿಯಲ್ಲಿ ಒರಟನಾದವನ ಒಳಗೆ ಇಷ್ಟು ನಯವಾದ ಕಣ್ಣಿದೆಯೆಂಬುದನ್ನು ಆಟವು ಯಾರ ಬಾಯಿಂದಲೂ ಹೇಳಿಸದೆ ತೋರಿಸುವ ರೀತಿಯು ಮೆಚ್ಚತಕ್ಕುದು.

ಕೃತಿಯ ಹೃದಯವಿರುವುದು ಎರಡನೆಯ ಅಧ್ಯಾಯದ ಒಂದು ಸಣ್ಣ ಪ್ರಸಂಗದಲ್ಲಿ. ತಂಡದ ಲೆಕ್ಕಿಗ ಸ್ಟ್ರೌಸ್ ಬಡವರಿಗೆ ಬಡ್ಡಿಗೆ ಹಣ ಕೊಡುತ್ತಾನೆ. ವಸೂಲಿ ಆರ್ಥರನ ಪಾಲಿನದು. ಥಾಮಸ್ ಡೌನ್ಸ್ ಎಂಬ ರೋಗಿಷ್ಠ ರೈತನ ಹೊಲಕ್ಕೆ ಹೋಗಿ ಅವನನ್ನು ಹೊಡೆಯಬೇಕು. ಈ ಕೆಲಸವನ್ನು ಆಟಗಾರನು ತಪ್ಪಿಸಿಕೊಳ್ಳುವಂತಿಲ್ಲ. ಗುಂಡಿ ಒತ್ತದೆ ಕಥೆ ಮುಂದಕ್ಕೆ ಸಾಗದು. ಏಟು ತಿನ್ನುತ್ತಲೇ ಡೌನ್ಸ್ ಆರ್ಥರನ ಮುಖಕ್ಕೆ ಕೆಮ್ಮುತ್ತಾನೆ. ಹೆಂಡತಿ ಮಗ ಓಡಿಬರುತ್ತಾರೆ. ಅಷ್ಟೆ, ಪ್ರಸಂಗ ಮುಗಿಯಿತು, ಬಹುಮಂದಿ ಆಟಗಾರರು ಅದನ್ನು ಮರೆತೂಬಿಡುತ್ತಾರೆ. ಎಷ್ಟೋ ಗಂಟೆಗಳ ಆಟವಾದ ಮೇಲೆ ಆರ್ಥರನು ಸೇಂಟ್ ಡೆನಿಸಿನ ಬೀದಿಯಲ್ಲಿ ಕುಸಿದುಬೀಳುತ್ತಾನೆ. ಕ್ಷಯವೆಂದು ವೈದ್ಯನು ತಿಳಿಸುತ್ತಾನೆ. ಆ ಕೆಮ್ಮು ಆಗ ನೆನಪಿಗೆ ಬರುತ್ತದೆ. ನಾಯಕನ ಮರಣವು ಅವನ ಶೌರ್ಯದಿಂದ ಬಂದುದಲ್ಲ, ಕೆಲವೇ ಡಾಲರುಗಳ ಸಾಲವಸೂಲಿಯಿಂದ ಬಂದುದು; ಮತ್ತು ಆ ಏಟು ಹೊಡೆದವರಲ್ಲಿ ಆಡುತ್ತಿದ್ದವನೂ ಒಬ್ಬ. ಕಾದಂಬರಿಯಾಗಲಿ ಚಲಚ್ಚಿತ್ರವಾಗಲಿ ಇಂಥ ಪಾಲುಗಾರಿಕೆಯನ್ನು ಸಹೃದಯನ ಮೇಲೆ ಹೊರಿಸಲಾರದು. ಇದರ ಅನಂತರ ಆರ್ಥರನ ಮೈ ಇಳಿಯುತ್ತದೆ, ಕಣ್ಣು ಕೆಂಪಾಗುತ್ತದೆ, ಓಟದಲ್ಲಿ ಏದುಸಿರು ಬರುತ್ತದೆ. ಸನ್ನಡತೆಯಿಂದ ಆಡಿದವರಿಗೆ ದೊರೆಯುವ ಒಂದು ದೃಶ್ಯದಲ್ಲಿ ಅವನು ರೈಲು ನಿಲ್ದಾಣದಲ್ಲಿ ಕ್ರೈಸ್ತ ಸನ್ಯಾಸಿನಿಯೊಬ್ಬಳ ಮುಂದೆ ತನಗೆ ಭಯವಾಗುತ್ತಿದೆಯೆಂದು ಒಪ್ಪಿಕೊಳ್ಳುತ್ತಾನೆ. ಆರ್ಥರನಿಗೆ ದನಿಯಿತ್ತ ರೋಜರ್ ಕ್ಲಾರ್ಕ್ ೨೦೧೮ರ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ಅಭಿನಯದ ಪ್ರಶಸ್ತಿಯನ್ನು ಪಡೆದುದು ಯೋಗ್ಯವೇ ಆಗಿದೆ.

ಇಷ್ಟು ಹೊಗಳಿದ ಮೇಲೆ ಕೊರತೆಯ ಮಾತನ್ನು ಮುಚ್ಚಿಡುವುದು ವಿಮರ್ಶೆಯ ಧರ್ಮವಾಗದು. ಆಟವು ಬಯಲನ್ನು ಕೊಟ್ಟಿದೆ, ನಿಜ; ಆದರೆ ಕಥೆಯ ಕಾರ್ಯವೊಂದು ತೊಡಗಿದೊಡನೆ ಆ ಬಯಲು ಬಂಡಿಜಾಡಾಗುತ್ತದೆ. ಇಂಥ ಬಂಡೆಯ ಹಿಂದೆಯೇ ಅಡಗಬೇಕು, ಇಂಥವನ ಬೆನ್ನ ಹಿಂದೆಯೇ ಹೋಗಬೇಕು. ಬಳಸುದಾರಿ ಹಿಡಿದು ಶತ್ರುವಿನ ಪಾರ್ಶ್ವಕ್ಕೆ ಬರುವ ಜಾಣತನ ತೋರಿಸಿದರೆ ಕಾರ್ಯವು ವಿಫಲವೆಂದು ತೆರೆ ಕಪ್ಪಾಗುತ್ತದೆ. ಒಂದು ಗಳಿಗೆಯ ಹಿಂದೆ ಸ್ವತಂತ್ರನಾದ ಬೇಟೆಗಾರನಾಗಿದ್ದವನು ಈಗ ಮೇಷ್ಟರ ಕೋಲಿಗೆ ಹೆದರುವ ವಿದ್ಯಾರ್ಥಿ. ಆರ್ಥರನೇ ಸ್ವತಂತ್ರನಲ್ಲ, ಡಚ್ ಹೇಳಿದ ಕಡೆ ಹೋಗುವುದೇ ಅವನ ಹಣೆಬರಹ, ಆದಕಾರಣ ಆಟಗಾರನ ಬಂಧನವೂ ಅರ್ಥಪೂರ್ಣವೆಂದು ಕೆಲವರು ಸಮರ್ಥಿಸಬಹುದು. ಡೌನ್ಸ್ ಪ್ರಸಂಗದ ಮಟ್ಟಿಗೆ ಈ ಸಮರ್ಥನೆ ಸಲ್ಲುತ್ತದೆ. ಅಲ್ಲಿ ಬಲಾತ್ಕಾರವೇ ಅರ್ಥ. ಆದರೆ ಯಾವ ಮರದ ಮರೆಯಲ್ಲಿ ನಿಂತು ಗುಂಡು ಹಾರಿಸಬೇಕೆಂಬುದರಲ್ಲಿಯೂ ವಿಧಿಯ ಕೈವಾಡವಿದೆಯೆಂದರೆ ವಿಧಿಯ ಘನತೆಯೇ ತಗ್ಗೀತು.

ಎರಡನೆಯ ದೋಷವು ಇದಕ್ಕಿಂತ ಗಹನವಾದದ್ದು. ಆಟದಲ್ಲಿ ‘ಆನರ್’ ಎಂಬ ಮರ್ಯಾದೆಯ ಮಾಪಕವೊಂದುಂಟು. ದಾರಿಹೋಕನಿಗೆ ನಮಸ್ಕಾರ ಹೇಳಿದರೆ ಅದು ಏರುತ್ತದೆ; ಅಮಾಯಕನನ್ನು ದೋಚಿದರೆ ಇಳಿಯುತ್ತದೆ. ಇತ್ತ ಕಥೆಯ ಕಾರ್ಯಗಳಲ್ಲಿ ಆರ್ಥರನು ಹತ್ತಾರು ಜನರನ್ನು ಕೊಂದು ಕೆಡಹುತ್ತಾನೆ. ಕಥೆಗೆ ಬೇಕಾದ ಕೊಲೆಗಳೆಂಬ ಕಾರಣಕ್ಕೆ ಅವು ಮಾಪಕವನ್ನು ಬಹುಮಟ್ಟಿಗೆ ಅಲುಗಿಸುವುದಿಲ್ಲ. ಬೀದಿಯಲ್ಲಿ ನಾಲ್ಕು ಸಲ ಟೋಪಿ ತೆಗೆದು ಪುಣ್ಯ ಸಂಪಾದಿಸುವ ಈ ಚಿಲ್ಲರೆ ಲೆಕ್ಕವು, ಸ್ಟ್ರೌಸನ ಬಡ್ಡಿಯ ಪುಸ್ತಕವನ್ನು ಖಂಡಿಸುವ ಕೃತಿಯಲ್ಲಿಯೇ ಇದೆಯೆಂಬುದು ವಿಷಾದದ ಸಂಗತಿ. ನಮ್ಮ ಆಲಂಕಾರಿಕರು ಔಚಿತ್ಯವೆಂದು ಕರೆದುದು ಇಲ್ಲಿ ಭಂಗವಾಗಿದೆ. ಹೆಸರಿಲ್ಲದ ಹೆಣಗಳ ರಾಶಿಯ ಮೇಲೆ ನಿಂತು ಹೆಸರುಳ್ಳ ಒಬ್ಬನಿಗಾಗಿ ಕಣ್ಣೀರಿಡೆಂದರೆ ಕರುಣರಸವು ಪರಿಪೂರ್ಣವಾಗಿ ನಿಷ್ಪನ್ನವಾಗುವುದು ಕಷ್ಟ. ಆದರೂ ಕೊನೆಯಲ್ಲಿ ಕಣ್ಣು ತೇವವಾಗುತ್ತದೆ. ಅದು ನಟನ ದನಿಯ ಗೆಲುವು, ಲೆಕ್ಕದ ಗೆಲುವಲ್ಲ.

ಮೂಲನಿವಾಸಿಗಳ ಚಿತ್ರಣವೂ ಹೀಗೆಯೇ ಅರ್ಧದಲ್ಲಿ ನಿಲ್ಲುತ್ತದೆ. ರೇನ್ಸ್ ಫಾಲ್ ಎಂಬ ಮುದಿ ಮುಖಂಡನ ದುಃಖದಲ್ಲಿ ಘನತೆಯಿದೆ, ಅವನ ಮಗ ಈಗಲ್ ಫ್ಲೈಸನ ರೋಷದಲ್ಲಿ ಸತ್ಯವಿದೆ. ಆದರೆ ಮಗನ ಸಾವು ಕಡೆಗೂ ಆರ್ಥರನ ಪರಿವರ್ತನೆಗೆ ಒಂದು ಮೆಟ್ಟಿಲಾಗಿ ಬಳಕೆಯಾಗುತ್ತದೆ. ಐದನೆಯ ಅಧ್ಯಾಯದ ಗ್ವಾರ್ಮಾ ದ್ವೀಪದ ಕಬ್ಬಿನ ತೋಟ, ದಂಗೆ, ಫಿರಂಗಿಗಳ ಬಗೆಗೆ ಹೆಚ್ಚು ಹೇಳತಕ್ಕುದಿಲ್ಲ. ಅದು ಬೇರಾವುದೋ ಆಟದಿಂದ ಹಾರಿಬಂದ ಹಾಳೆಯಂತಿದೆ.

ಕೃತಿಯ ಹೊರಗಿನ ಒಂದು ವಿಷಯವನ್ನು ಇಲ್ಲಿ ಸೂಚಿಸದೆ ಬಿಡಲಾಗದು. ಆಟವು ಹೊರಬರುವ ಕೆಲವು ದಿನ ಮೊದಲು ಅದರ ಮುಖ್ಯ ಲೇಖಕರಲ್ಲೊಬ್ಬರಾದ ಡ್ಯಾನ್ ಹೌಸರ್, ವಾರಕ್ಕೆ ನೂರು ಗಂಟೆ ದುಡಿದುದುಂಟೆಂದು ಸಂದರ್ಶನವೊಂದರಲ್ಲಿ ನುಡಿದು ದೊಡ್ಡ ಚರ್ಚೆಗೆ ಕಾರಣರಾದರು. ಅದು ಹಿರಿಯ ಲೇಖಕರ ಚಿಕ್ಕ ತಂಡಕ್ಕೆ, ಅದೂ ಮೂರು ವಾರಗಳ ಮಟ್ಟಿಗೆ, ಅನ್ವಯಿಸುವ ಮಾತೆಂದು ಬಳಿಕ ಸಮಜಾಯಿಷಿ ಬಂತು. ಆದರೆ ಅವಧಿ ಮೀರಿದ ದುಡಿಮೆಯ ಬಗೆಗೆ ಇತರ ನೌಕರರೂ ಪತ್ರಕರ್ತರಲ್ಲಿ ಹೇಳಿಕೊಂಡರು. ಕುದುರೆಯ ಬೆವರನ್ನು ಅಷ್ಟು ನಿಜವಾಗಿ ಚಿತ್ರಿಸಿದ ಕೈಗಳ ಬೆವರು ಎಷ್ಟೆಂಬ ಯೋಚನೆ, ಈ ಲೋಕದ ಚೆಲುವನ್ನು ನೋಡುತ್ತಿರುವಾಗ ನಡುನಡುವೆ ಸುಳಿಯದಿರದು.

ಉಪಸಂಹಾರದಲ್ಲಿ ಕಾಲ ೧೯೦೭. ಆರ್ಥರನು ಪ್ರಾಣ ತೆತ್ತು ಪಾರುಮಾಡಿದ ಜಾನ್ ಮಾರ್ಸ್ಟನ್ ಹೆಂಡತಿ ಮಗನಿಗಾಗಿ ಮನೆ ಕಟ್ಟುತ್ತಾನೆ. ಆಟಗಾರನು ಹಲಗೆ ಇಟ್ಟು ಮೊಳೆ ಹೊಡೆಯಬೇಕು. ಇಲ್ಲಿಯೂ ಬೇರೆ ದಾರಿಯಿಲ್ಲ, ಇದೂ ಬಂಡಿಜಾಡೇ. ಆದರೂ ಈ ಜಾಡಿನಲ್ಲಿ ಯಾರಿಗೂ ಬೇಸರವಾದಂತಿಲ್ಲ. ಬಯಲಿನ ನಿಧಾನವೂ ಕಥೆಯ ಕಟ್ಟೂ ಆಟದಲ್ಲಿ ಅಪರೂಪಕ್ಕೆ ಕೂಡಿ ನಡೆಯುವ ತಾಣವಿದು. ಆಟವು ಇಲ್ಲಿಗೆ ಮುಗಿದಿದ್ದರೆ ಹೆಚ್ಚು ಕಳೆಯೇರುತ್ತಿತ್ತು. ಅದರ ಬದಲು ಜಾನ್ ಹಳೆಯ ದ್ರೋಹಿ ಮೈಕಾನನ್ನು ಹುಡುಕಿಕೊಂಡು ಹಿಮಪರ್ವತ ಹತ್ತುತ್ತಾನೆ, ಸೇಡು ತೀರಿಸಿಕೊಳ್ಳುತ್ತಾನೆ. ಯಾವ ಬದುಕನ್ನು ಬಿಟ್ಟು ಓಡೆಂದು ಆರ್ಥರನು ಬೇಡಿಕೊಂಡಿದ್ದನೋ ಆ ಬದುಕಿಗೇ ಇದು ಮರಳಿದಂತೆ. ಕಥೆಗಾರರಿಗೂ ಇದು ತಿಳಿದಿದೆ. ಹೆಸರುಗಳ ಪಟ್ಟಿ ಉರುಳುತ್ತಿರುವಾಗ ಸರ್ಕಾರದ ಪತ್ತೇದಾರರು ಮೈಕಾನ ಹೆಣದ ಸುಳಿವು ಹಿಡಿದು ಜಾನನ ಹೊಸ ಮನೆಯ ನೆಲೆಯವರೆಗೆ ಬಂದು ನಿಲ್ಲುವುದನ್ನು ತೋರಿಸಿದ್ದಾರೆ. ಅಲ್ಲಿಂದ ಮುಂದಿನದು ೨೦೧೦ರಲ್ಲಿಯೇ ಹೊರಬಂದ ಮೊದಲ ಆಟದ ಕಥೆ.