ಹೂ ಯಾರಿಗೆ, ಕೈ ಯಾರದ್ದು?

ತೀರ್ಥಹಳ್ಳಿ ಸೀಮೆಯ ಮೇಳಿಗೆಯಲ್ಲಿ 1932ರಲ್ಲಿ ಹುಟ್ಟಿದ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ಮತ್ತೆ ಓದುವಾಗ ಈ ಸಲ ನಾನು ನಿಂತದ್ದು ಪ್ರಾಣೇಶಾಚಾರ್ಯರ ಸಂಕಟದ ಹತ್ತಿರವಲ್ಲ, ದೂರ್ವಾಸಪುರದ ಹೂಗಿಡಗಳ ಹತ್ತಿರ. ಅಗ್ರಹಾರದ ಹೂಗಳು ಮೊದಲು ದೇವರಿಗೆ, ಆಮೇಲೆ ಪ್ರಸಾದವಾಗಿ ಹೆಂಗಸರ ಮುಡಿಗೆ. ನಾರಣಪ್ಪನ ಹೂಗಳು ಮಾತ್ರ ಚಂದ್ರಿಯ ತುರುಬಿಗೆ, ಮಲಗುವ ಕೋಣೆಯ ಹೂದಾನಿಗೆ. ಅಂಗಳದಲ್ಲಿ ರಾತ್ರಿರಾಣಿ ಬೇರೆ. ಆಚಾರಕ್ಕೂ ಭೋಗಕ್ಕೂ ನಡುವಿನ ಜಗಳವನ್ನು ಕಾದಂಬರಿ ಹೂವಿನಲ್ಲೇ ಹೇಳಿಬಿಡುತ್ತದೆ. ಅದರ ಒತ್ತು ಹೂ ಯಾರಿಗೆ ಸೇರುತ್ತದೆ ಎಂಬುದರ ಮೇಲೆ. ಬೆಳೆಸುವ ಕೈ ಯಾರದ್ದು ಎಂದು ನನ್ನ ಪ್ರಬಂಧದಲ್ಲಿ ನಾನೂ ಕೇಳಿರಲಿಲ್ಲ.

ಕೇಳುವಂತೆ ಮಾಡಿದ್ದು ಅಮ್ಮನ ಡೇರೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಬಾಯಲ್ಲಿ ಡಾಲಿಯಾ ಎಂದರೆ ಡೇರೆ. ಮೆಕ್ಸಿಕೊದ ಬೆಟ್ಟಗಳಿಂದ ಬಂದ, ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಆಂಡರ್ಸ್ ಡಾಲ್ ಹೆಸರು ಹೊತ್ತ ಈ ಗಿಡ ನಮ್ಮ ಮಳೆಗೆ ಪೂರ್ತಿ ಒಗ್ಗಿಲ್ಲ. ಬುಡದಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಅದಕ್ಕೇ ಅಮ್ಮ ಅಂಗಳದಂಚಿಗೆ ಜಂಬಿಟ್ಟಿಗೆ ಕಲ್ಲು ಜೋಡಿಸಿ, ಮಣ್ಣು ಏರಿಸಿ ನೆಡುತ್ತಾಳೆ. ಗಾಳಿಗೆ ಮುರಿಯದಂತೆ ಕೋಲು ಕಟ್ಟುತ್ತಾಳೆ. ಹೂ ಮುಗಿದ ಮೇಲೆ ಗೆಡ್ಡೆ ಕಿತ್ತು ಒಣ ಮರಳಲ್ಲಿ ಇಡುತ್ತಾಳೆ.

ಹೋದ ವರ್ಷ ಗೆಡ್ಡೆ ಬಿಡಿಸುವ ಕೆಲಸ ನನಗೆ ಬಂತು. ಕಾಂಡದ ಬುಡದಲ್ಲಿರುವ ಕಣ್ಣನ್ನು ಗಮನಿಸದೆ, ದಪ್ಪ ಗೆಡ್ಡೆಗಳನ್ನಷ್ಟೇ ಕತ್ತರಿಸಿ ಎತ್ತಿಟ್ಟೆ. ಒಂದೂ ಏಳಲಿಲ್ಲ. “ಕಣ್ಣಿಲ್ದೆ ಅದೆಲ್ಲಿಂದ ಚಿಗುರ್ತದೆ ಮಾರಾಯ್ತಿ?” ಎಂದಳು ಅಮ್ಮ. ಹಾಗೆ ಹೋದ ಕಡುಗೆಂಪು ಡೇರೆ ಅಜ್ಜಿ ತವರಿಂದ ತಂದದ್ದು.

ಅಮ್ಮನ ಡೇರೆಯೂ ದೇವರಿಗೆ ಹೋಗುತ್ತದೆ, ಮುಡಿಗೂ ಏರುತ್ತದೆ. ಆದರೆ ಎಲ್ಲಕ್ಕಿಂತ ದೊಡ್ಡ ಹೂವನ್ನು ಅವಳು ಕೊಯ್ಯುವುದಿಲ್ಲ. ದಾರಿಯಲ್ಲಿ ಹೋಗುವವರು ನಿಂತು ನೋಡಬೇಕು, ಗೆಡ್ಡೆ ಕೇಳಬೇಕು. ಇದು ಪೂಜೆಯೂ ಅಲ್ಲ, ನಾರಣಪ್ಪನ ಬಂಡಾಯವೂ ಅಲ್ಲ. ತಾನು ಮಾಡಿದ್ದನ್ನು ನಾಲ್ಕು ಜನ ಕಾಣಲಿ ಎಂಬ ಹೆಮ್ಮೆ. ಮಲೆನಾಡಿನ ಬರವಣಿಗೆಯನ್ನು ಓದುವ ನಾವು ಕಾಡಿಗೆ, ಅಡಿಕೆ ತೋಟಕ್ಕೆ ಕೊಟ್ಟ ಗಮನವನ್ನು ಅಂಗಳದ ಈ ಎರಡು ಮಾರು ಮಣ್ಣಿಗೆ ಕೊಟ್ಟಿಲ್ಲ ಎಂದು ನನಗೆ ಅನಿಸುತ್ತದೆ.

‘ಸಂಸ್ಕಾರ’ದ ದೋಷವೆಂದು ಇದನ್ನು ಹೇಳುತ್ತಿಲ್ಲ. ಎರಡೇ ಬಗೆಯ ಹೂ ಕಂಡದ್ದು ನನ್ನ ಓದಿನ ದೋಷ. ಆ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಕಡುಗೆಂಪು ಡೇರೆಯ ಗೆಡ್ಡೆಯನ್ನು ಅಮ್ಮ ಹಿಂದೊಮ್ಮೆ ಹೊಸನಗರದ ನೆಂಟರಿಗೆ ಕೊಟ್ಟಿದ್ದಳಂತೆ. ಮಳೆಗೆ ಮೊದಲು ಹೋಗಿ ಕೇಳಬೇಕು.