ಪೇಷಂಟ್ ಕಡೆಯವರು ಯಾರು?

ಟಾಲ್‌ಸ್ಟಾಯ್‌ನ ‘ಇವಾನ್ ಇಲಿಚ್‌ನ ಸಾವು’ (1886) ಓದಿದ ಯಾರನ್ನೇ ಕೇಳಿ, ಅವರಿಗೆ ಗೆರಾಸಿಮ್ ನೆನಪಿರುತ್ತಾನೆ. ನೋವು ತಾಳಲಾರದ ಯಜಮಾನನ ಕಾಲುಗಳನ್ನು ತನ್ನ ಹೆಗಲ ಮೇಲಿಟ್ಟುಕೊಂಡು ರಾತ್ರಿಯಿಡೀ ಕೂರುವ ಹಳ್ಳಿಯ ಹುಡುಗ. ಆ ಮನೆಯಲ್ಲಿ ಸುಳ್ಳು ಹೇಳದವನು ಅವನೊಬ್ಬನೇ. ಇವಾನನ ಹೆಂಡತಿ ಪ್ರಸ್ಕೋವ್ಯಾ ಫ್ಯೊದೊರೊವ್ನಾ ನೆನಪಿದ್ದರೆ ಅದು ಬೇರೆ ಕಾರಣಕ್ಕೆ. ಗಂಡ ಹಾಸಿಗೆ ಹಿಡಿದಿರುವಾಗ ಅವಳು ನಾಟಕ ನೋಡಲು ಹೋಗುತ್ತಾಳೆ. ಅವನು ಸತ್ತ ಮೇಲೆ, ಅಳುತ್ತಲೇ, ಸರ್ಕಾರದಿಂದ ಇನ್ನಷ್ಟು ಹಣ ಬರುವ ದಾರಿಯಿದೆಯೇ ಎಂದು ಗಂಡನ ಗೆಳೆಯನನ್ನು ವಿಚಾರಿಸುತ್ತಾಳೆ. ನಾವು ಓದುಗರು ಮುಖ ಸಿಂಡರಿಸುತ್ತೇವೆ. ಲೇಖಕನ ಉದ್ದೇಶವೂ ಅದೇ.

ಈ ಕಥೆಯನ್ನು ಎಂಟೆಕ್ ಕಾಲದಲ್ಲಿ ಹಾಸ್ಟೆಲ್ಲಿನಲ್ಲಿ ಮೊದಲು ಓದಿದ್ದೆ. ಹೋದ ಮಳೆಗಾಲದಲ್ಲಿ ಮತ್ತೆ ಓದಿದೆ. ಈ ಸಲ ಕಣ್ಣು ಗೆರಾಸಿಮನನ್ನು ದಾಟಿ ಪ್ರಸ್ಕೋವ್ಯಾಳ ಮೇಲೆ ನಿಂತಿತು. ಈ ನಡುವೆ ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್ ಪತ್ತೆಯಾಗಿತ್ತು, ಕೀಮೋ ಶುರುವಾಗಿತ್ತು. ಒಂದು ರಾತ್ರಿ ಅವಳನ್ನು ಪುಣೆಯ ಆಸ್ಪತ್ರೆಯೊಂದರ ಕ್ಯಾಶುವಾಲ್ಟಿಗೆ ಕರೆದೊಯ್ದು ಐದು ದಿನ ಅಲ್ಲೇ ಇದ್ದು ಬಂದಿದ್ದೆವು. ಈಗ ಇಂಥ ಕಥೆಗಳನ್ನು ನಾನು ಹಾಸಿಗೆಯ ಪಕ್ಕ ನಿಂತವನ ಜಾಗದಿಂದ ಓದುತ್ತೇನೆ. ಅಲ್ಲಿಂದ ನೋಡಿದರೆ, ಕಾಯಿಲೆಯ ಸಾಹಿತ್ಯ ಬಹುಪಾಲು ರೋಗಿಯ ಕಣ್ಣಿನಿಂದಲೋ ವೈದ್ಯನ ಕಣ್ಣಿನಿಂದಲೋ ಬರೆದದ್ದು. ಮೂರನೆಯವರೊಬ್ಬರು ಇದ್ದಾರೆ. ಆಸ್ಪತ್ರೆಯಲ್ಲಿ ಅವರಿಗೆ ಸ್ವಂತ ಹೆಸರಿಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ‘ಪೇಷಂಟ್ ಕಡೆಯವರು ಯಾರ್ರೀ?’ ಎಂದು ಕೂಗುತ್ತಾರೆ. ಪುಣೆಯಲ್ಲಿ ‘ಪೇಶಂಟಚೇ ನಾತೇವಾಯಿಕ್ ಕೋಣ್?’ ಎನ್ನುತ್ತಾರೆ. ಆ ಕೂಗಿಗೆ ಎದ್ದು ಓಡುವವರನ್ನು ಕಥೆಗಳು ಹೇಗೆ ಕಂಡಿವೆ ಎಂಬುದು ನನ್ನ ಪ್ರಶ್ನೆ.

ಆ ಕೆಲಸ ಏನೆಂದು ಮೊದಲು ಹೇಳಬೇಕು. ಕೀಮೋ ಆದ ಏಳರಿಂದ ಹದಿನಾಲ್ಕು ದಿನಗಳ ನಡುವೆ ಬಿಳಿ ರಕ್ತಕಣಗಳು, ಅದರಲ್ಲೂ ನ್ಯೂಟ್ರೋಫಿಲ್‌ಗಳು, ಸಾಮಾನ್ಯವಾಗಿ ತೀರಾ ಕೆಳಗಿಳಿಯುತ್ತವೆ. ಆಗ ಬರುವ ಜ್ವರ ಮಾಮೂಲಿ ಜ್ವರವಲ್ಲ. 100.4 ಡಿಗ್ರಿ ದಾಟಿದರೆ ಬೆಳಗಾಗುವವರೆಗೆ ಕಾಯಬಾರದು, ತಾವಾಗಿ ಪ್ಯಾರಾಸಿಟಮಾಲ್ ನುಂಗಿ ಜ್ವರವನ್ನು ಮರೆಮಾಚಬಾರದು, ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆ್ಯಂಟಿಬಯಾಟಿಕ್ ಹೋಗಬೇಕು. ನಮ್ಮದು ಹತ್ತನೆಯ ದಿನ, ರಾತ್ರಿ ಒಂದೂವರೆ, 101.2. ಕ್ಯಾಶುವಾಲ್ಟಿಯ ಎಳೆಯ ಡಾಕ್ಟರು ಅವಳನ್ನು ಹಿಂದೆಂದೂ ನೋಡಿದವರಲ್ಲ. ಕೊನೆಯ ಕೀಮೋ ಯಾವತ್ತು? ಯಾವ ಔಷಧಿ? ಪೋರ್ಟ್ ಇದೆಯೇ? ಯಾವುದಾದರೂ ಅಲರ್ಜಿ? ಚಳಿಯಿಂದ ಹಲ್ಲು ಕಟಕಟಿಸುತ್ತಿದ್ದವಳು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಉತ್ತರ ನನ್ನ ಕಂಕುಳಲ್ಲಿದ್ದ ನೀಲಿ ಫೈಲಿನಲ್ಲಿತ್ತು. ಆಮೇಲೆ ಅಡ್ಮಿಷನ್ ಕೌಂಟರ್, ಡಿಪಾಸಿಟ್, ಇನ್ಶೂರೆನ್ಸ್ ಡೆಸ್ಕು, ಔಷಧಿ ಅಂಗಡಿ, ರಕ್ತದ ಸ್ಯಾಂಪಲ್ ಹೋಯಿತೇ ಎಂದು ಮತ್ತೆ ಮತ್ತೆ ಕೇಳುವುದು. ನನ್ನ ಕಣ್ಣಲ್ಲಿ ನೀರು ಕಂಡು ಅವಳು ಸ್ಟ್ರೆಚರ್ ಮೇಲಿಂದಲೇ ಅಂದಳು: “ಅಳೂದು ಆಮ್ಯಾಲ ಮಾಡೂಣಂತ ರೀ, ಮೊದ್ಲ ಆ ಫೈಲ್ ಕೊಟ್ಟು ಬರ್ರಿ.” ನ್ಯೂಟ್ರೋಫಿಲ್ ಎಣಿಕೆ 180 ಬಂತು. ಸಾವಿರದೈನೂರು ದಾಟಿರಬೇಕಾದದ್ದು.

ಈಗ ಪ್ರಸ್ಕೋವ್ಯಾಳ ಕಡೆ ತಿರುಗೋಣ. ಡಾಕ್ಟರು ಬಂದಾಗ ಅವಳು ಗಂಡನೆದುರೇ ದೂರುತ್ತಾಳೆ: ಇವರು ಹೇಳಿದ ಮಾತು ಕೇಳುವುದಿಲ್ಲ, ಔಷಧಿ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುವುದಿಲ್ಲ, ಕಾಲು ಮೇಲೆ ಮಾಡಿ ಮಲಗುತ್ತಾರೆ. ಇವಾನನಿಗೆ ಇದು ಹೃದಯಹೀನತೆಯಾಗಿ ಕೇಳಿಸುತ್ತದೆ. ಆದರೆ ರೌಂಡ್ಸಿಗೆ ಬಂದ ಡಾಕ್ಟರೆದುರು ನನ್ನ ಬಾಯಿಂದ ಬಂದ ಮಾತುಗಳೂ ಹೆಚ್ಚು ಕಡಿಮೆ ಇವೇ: ಬೆಳಿಗ್ಗೆಯಿಂದ ಎರಡೇ ಗ್ಲಾಸ್ ನೀರು ಕುಡಿದಿದ್ದಾಳೆ, ಮೌತ್‌ವಾಶ್ ಬೇಡವೆನ್ನುತ್ತಾಳೆ. ಗಂಡ ಮೂರು ದಿನ ಬಿಡದೆ ಕಿರುಚಿದ್ದನ್ನು ಅವಳು ಕೇಳಿಸಿಕೊಂಡಿದ್ದಾಳೆ. ಆಮೇಲೆ ಹಣದ ವಿಷಯ ಕೇಳುತ್ತಾಳೆ. ಹಣದ ವಿಷಯ ಯಾರಾದರೂ ಒಬ್ಬರು ಕೇಳಲೇಬೇಕು. ಗೆರಾಸಿಮ್ ಕೇಳಬೇಕಾಗಿಲ್ಲ. ಅವನು ಯಾವ ಕಾಗದಕ್ಕೂ ಸಹಿ ಹಾಕಬೇಕಾಗಿಲ್ಲ, ಯಜಮಾನ ಸತ್ತ ಮರುದಿನ ಆ ಮನೆಯನ್ನು ನಡೆಸಬೇಕಾದವನೂ ಅವನಲ್ಲ. ಅವನ ಪ್ರೀತಿ ದೊಡ್ಡದು, ಒಪ್ಪೋಣ. ಅದು ಕೌಂಟರಿನ ಮುಂದೆ ನಿಲ್ಲದ ಪ್ರೀತಿ ಎಂಬುದನ್ನೂ ನೆನಪಿಡೋಣ.

ಹಾಗೆಂದು ಟಾಲ್‌ಸ್ಟಾಯ್ ಪ್ರಸ್ಕೋವ್ಯಾಳಿಗೆ ಅನ್ಯಾಯ ಮಾಡಿದ ಎಂದು ಕೈತೊಳೆದುಕೊಳ್ಳಲಾಗುವುದಿಲ್ಲ. ಅವನ ನಿಜವಾದ ಆಕ್ಷೇಪ ಅವಳ ಲೆಕ್ಕಾಚಾರದ ಮೇಲಲ್ಲ, ಸುಳ್ಳಿನ ಮೇಲೆ. ಸಾಯುತ್ತಿರುವವನಿಗೆ ‘ನಿನಗೆ ಬರೀ ಕಾಯಿಲೆ, ಔಷಧಿ ತಗೊಂಡರೆ ಸರಿಹೋಗುತ್ತದೆ’ ಎಂಬ ನಾಟಕ ಆಡಿ, ಆ ನಾಟಕದಲ್ಲಿ ಅವನನ್ನೂ ಪಾತ್ರಧಾರಿ ಮಾಡುವುದು. ಇಲ್ಲಿ ಅವನ ಮಾತು ನೂರಕ್ಕೆ ನೂರು ನಿಜ. ಆ ರಾತ್ರಿ ಅವಳು ‘ಎಷ್ಟು ಬಂತು?’ ಎಂದು ಕೇಳಿದಾಗ ‘180’ ಎಂದೇ ಹೇಳಿದೆ. ಅವಳಿಗೆ ಅದರ ಅರ್ಥ ಗೊತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಕೈ ಚಾಚಿದಳು.

ಆದರೆ ಮುಂದಿನ ಮಾತಿಗೆ ಟಾಲ್‌ಸ್ಟಾಯ್ ಬಳಿ ಜಾಗವಿಲ್ಲ. “ಅವ್ವಗ ಹೇಳಬ್ಯಾಡ್ರಿ” ಎಂದಳು. ಎಪ್ಪತ್ತೆರಡರ ನಮ್ಮ ಅತ್ತೆ ಧಾರವಾಡದಲ್ಲಿ ಒಬ್ಬರೇ ಇದ್ದಾರೆ. ಬೆಳಿಗ್ಗೆ ಏಳಕ್ಕೆ ಅವರ ಫೋನ್ ಬಂದೇ ಬರುತ್ತದೆ. ‘ಇನ್ನೂ ಮಲಗ್ಯಾಳ್ರಿ ಅತ್ತಿ’ ಎಂದು ಐದು ದಿನ ಹೇಳಿದೆ. ಊರು ಬಿಟ್ಟು ಬದುಕುವ ನಮ್ಮಂಥವರಿಗೆ ಈ ಸುಳ್ಳು ಚೆನ್ನಾಗಿ ಗೊತ್ತು. ಟಾಲ್‌ಸ್ಟಾಯ್‌ನಲ್ಲಿ ಸುಳ್ಳು ರೋಗಿಯ ವಿರುದ್ಧ ಹೂಡಿದ ಸಂಚು. ಇಲ್ಲಿ ಅದು ರೋಗಿಯೇ ನನ್ನ ಕೈಗೆ ಕೊಟ್ಟ ಕೆಲಸ, ಅವಳ ಔಷಧಿಯ ಚೀಟಿಯ ಹಾಗೆ. ಇದು ಸರಿಯೇ ತಪ್ಪೇ ಎಂದು ತೀರ್ಪು ಕೊಡುವ ಕಥೆಗಿಂತ, ಆ ಫೋನ್ ಹಿಡಿದವನ ದನಿ ಹೇಗಿತ್ತು ಎಂದು ಕೇಳುವ ಕಥೆ ನನಗೆ ಬೇಕು.

ನಮ್ಮ ಸಿನಿಮಾಗಳಲ್ಲಿ ಇದನ್ನು ಹುಡುಕಿದರೆ ಸಿಗುವುದಿಲ್ಲ. ಹೃಷಿಕೇಶ್ ಮುಖರ್ಜಿಯವರ ‘ಆನಂದ್’ (1971) ಇವತ್ತಿಗೂ ನನಗೆ ಇಷ್ಟ. ಆದರೆ ಆನಂದ್ ದೆಹಲಿಯಲ್ಲಿ ತನ್ನ ಪ್ರೀತಿಯ ಹುಡುಗಿಯನ್ನು ಬಿಟ್ಟು ಒಂಟಿಯಾಗಿ ಮುಂಬಯಿಗೆ ಬಂದವನು. ಸುತ್ತ ಗೆಳೆಯರಿದ್ದಾರೆ, ಡಾಕ್ಟರಿದ್ದಾರೆ. ‘ಕಡೆಯವರು’ ಎಂದು ಸಹಿ ಹಾಕಬೇಕಾದವಳನ್ನು ಚಿತ್ರಕಥೆಯೇ ದೂರ ಕಳಿಸಿದೆ. ಅದಕ್ಕೇ ಅವನ ನಗು ಅಷ್ಟು ಹಗುರವಾಗಿ ಹರಡಲು ಸಾಧ್ಯವಾಗಿದೆ. ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ ‘ಗೀತಾ’ (1981) ಕನ್ನಡಿಗರ ಒಂದು ಇಡೀ ತಲೆಮಾರಿಗೆ ಇಳಯರಾಜಾ ಹಾಡುಗಳ ಮೂಲಕ ಉಳಿದಿದೆ. ಪ್ರೀತಿಸಿದ ಹುಡುಗಿಗೆ ರಕ್ತದ ಕ್ಯಾನ್ಸರ್. ಪರಸ್ಥಳದ ನಮ್ಮ ಗೆಟ್‌ಟುಗೆದರ್‌ಗಳಲ್ಲಿ ಅದರ ಹಾಡು ಶುರುವಾದರೆ ಎಲ್ಲರೂ ದನಿಗೂಡಿಸುತ್ತಾರೆ. ಹಾಡಿನಲ್ಲಿ ಉಳಿದದ್ದು ಪ್ರೀತಿ ಮತ್ತು ಅಗಲಿಕೆ. ಈ ಎರಡರ ನಡುವಿನ ಲಾಂಡ್ರಿ ಚೀಲ, ವಾಂತಿಯ ಟ್ರೇ, ಅಟೆಂಡರ್ ಪಾಸು ನಮ್ಮ ನೆನಪಿನಲ್ಲಿಲ್ಲ.

ಈ ಅಂತರವನ್ನು ತುಂಬಿದ ಸಿನಿಮಾ ‘ಅಕ್ಟೋಬರ್’ (2018). ಜೂಹಿ ಚತುರ್ವೇದಿ ಬರೆದು ಶೂಜಿತ್ ಸರ್ಕಾರ್ ನಿರ್ದೇಶಿಸಿದ್ದು. ಇಲ್ಲಿ ಕ್ಯಾನ್ಸರ್ ಇಲ್ಲ. ಮಹಡಿಯಿಂದ ಬಿದ್ದು ಕೋಮಾದಲ್ಲಿರುವ ಹುಡುಗಿ ಶಿವುಲಿ, ಅಂದರೆ ನಮ್ಮ ಪಾರಿಜಾತ. ಅವಳ ಜೊತೆ ಹೋಟೆಲಿನಲ್ಲಿ ಟ್ರೇನಿಯಾಗಿದ್ದ ಡ್ಯಾನ್ ಆಸ್ಪತ್ರೆಯ ಕಾರಿಡಾರಿಗೆ ಅಂಟಿಕೊಳ್ಳುತ್ತಾನೆ. ಅವಳ ತಾಯಿ ಪ್ರೊಫೆಸರ್. ಚಿಕಿತ್ಸೆ ಎಷ್ಟು ದಿನ, ಖರ್ಚು ಎಷ್ಟು ಎಂಬ ಮಾತು ಬಂಧುಗಳ ನಡುವೆ ಮುಚ್ಚುಮರೆಯಿಲ್ಲದೆ ಬರುತ್ತದೆ. ಹಾಗೆ ಮಾತಾಡುವವರನ್ನು ಸಿನಿಮಾ ಖಳರನ್ನಾಗಿ ಮಾಡುವುದಿಲ್ಲ. ಕಾಯುವುದು ಒಂದು ಕೆಲಸ, ಅದಕ್ಕೆ ದಿನಚರಿ ಇದೆ, ಅದರಲ್ಲಿ ಬೇಸರವೂ ಇದೆ, ಹಸಿವೂ ಇದೆ ಎಂದು ತಾಳ್ಮೆಯಿಂದ ತೋರಿಸುತ್ತದೆ. ನನ್ನ ತಕರಾರು ಒಂದೇ: ಡ್ಯಾನ್ ಹೊರಗಿನವನು, ಬಿಟ್ಟು ಹೋಗುವ ಸ್ವಾತಂತ್ರ್ಯ ಇದ್ದವನು. ಅದಕ್ಕೇ ಅವನು ಉಳಿದದ್ದು ನಮಗೆ ದೊಡ್ಡದಾಗಿ ಕಾಣುತ್ತದೆ. ತಾಯಿ ಉಳಿದದ್ದನ್ನು ಯಾರೂ ಎಣಿಸುವುದಿಲ್ಲ. ವಾರ್ಡಿನಲ್ಲೂ ಹೀಗೇ. ಹೆಂಡತಿಯ ತಲೆ ಒರೆಸುತ್ತಿದ್ದ ನನ್ನನ್ನು ಕಂಡು ಆಯಾ ಮಾವಶಿಯರು ‘ದೇವಮಾಣೂಸ್’ ಎಂದರು. ಪಕ್ಕದ ಕಾಟಿನಲ್ಲಿ ಎರಡು ವಾರದಿಂದ ಗಂಡನ ಬೆಡ್‌ಪ್ಯಾನ್ ತೆಗೆಯುತ್ತಿದ್ದ ಸೋಲಾಪುರದ ಹೆಂಗಸಿಗೆ ಆ ಮಾತು ಯಾರೂ ಹೇಳಲಿಲ್ಲ. ಹೆಂಗಸು ಮಾಡಿದರೆ ಕರ್ತವ್ಯ, ತಪ್ಪಿದರೆ ಪ್ರಸ್ಕೋವ್ಯಾ.

ಪಾಲ್ ಕಲಾನಿಧಿಯವರ ‘ವೆನ್ ಬ್ರೆತ್ ಬಿಕಮ್ಸ್ ಏರ್’ (2016) ನಮ್ಮ ವಲಯದಲ್ಲಿ ಬಹಳ ಜನ ಓದಿದ ಪುಸ್ತಕ. ನರಶಸ್ತ್ರಚಿಕಿತ್ಸಕ ಶ್ವಾಸಕೋಶದ ಕ್ಯಾನ್ಸರಿನ ರೋಗಿಯಾದ ಕಥನ. ಎಲ್ಲರೂ ಪಾಲ್ ಅವರ ಗದ್ಯವನ್ನು ಮೆಚ್ಚುತ್ತಾರೆ. ನನಗೆ ಆ ಪುಸ್ತಕದ ಅತ್ಯುತ್ತಮ ಭಾಗ ಅವರ ಪತ್ನಿ ಲೂಸಿ ಬರೆದ ಕೊನೆಯ ಅಧ್ಯಾಯ. 2015ರ ಮಾರ್ಚ್‌ನಲ್ಲಿ ಪಾಲ್ ಉಸಿರಾಟ ಕಷ್ಟವಾಗಿ ತುರ್ತಾಗಿ ಆಸ್ಪತ್ರೆ ಸೇರುತ್ತಾರೆ. ಮುಖಕ್ಕೆ ಉಸಿರಾಟದ ಮಾಸ್ಕ್, ಮುಂದೆ ವೆಂಟಿಲೇಟರ್ ಹಾಕುವುದೇ ಬೇಡವೇ ಎಂಬ ಪ್ರಶ್ನೆ, ಎಂಟು ತಿಂಗಳ ಮಗಳು. ಲೂಸಿ ಸ್ವತಃ ವೈದ್ಯೆ, ಎಲ್ಲವೂ ಅರ್ಥವಾಗುತ್ತದೆ, ಆದರೂ ಅಲ್ಲಿ ಅವರು ‘ಕಡೆಯವರು’. ಅವರ ವಾಕ್ಯಗಳು ಪಾಲ್ ಅವರ ವಾಕ್ಯಗಳಷ್ಟು ಮಿಂಚುವುದಿಲ್ಲ. ಯಾರು ಕೋಣೆಯಲ್ಲಿದ್ದರು, ಯಾವ ಕ್ರಮದಲ್ಲಿ ಏನಾಯಿತು, ಅವರು ಏನು ಬಯಸಿದರು ಎಂದು ಹೇಳುತ್ತಾ ಹೋಗುತ್ತವೆ. ನಮ್ಮ ಕೆಲಸದ ಭಾಷೆಯಲ್ಲಿ ಇದು ಹ್ಯಾಂಡೋವರ್. ಗಂಡ ಅರ್ಧಕ್ಕೆ ಬಿಟ್ಟ ಪುಸ್ತಕವನ್ನು ಮುಗಿಸುವುದೂ ಆರೈಕೆಯ ಕೆಲಸವೇ. ಹಾಗಾಗಿ ಆ ಗದ್ಯದ ಸಪ್ಪೆತನವನ್ನು ನಾನು ಕೊರತೆಯೆಂದು ಓದಲಾರೆ.

ಕನ್ನಡದಲ್ಲಿ ರೋಗಿಯ ದನಿ ಗಟ್ಟಿಯಾಗಿಯೇ ಬಂದಿದೆ. ಬಿ.ವಿ. ಭಾರತಿಯವರು ತಮ್ಮ ಸ್ತನ ಕ್ಯಾನ್ಸರಿನ ಅನುಭವ ಬರೆದ ‘ಸಾಸಿವೆ ತಂದವಳು’ ಇದೆ. ಬುದ್ಧ ಸಾಸಿವೆ ತರಲು ಕಳಿಸಿದ ಗೋತಮಿಯ ಕಥೆಯನ್ನು ಆ ಹೆಸರೇ ತಿರುಗಿಸಿ ಹೇಳುತ್ತದೆ. ಆದರೆ ಪಕ್ಕ ನಿಂತವರ ಕಥೆಗೆ ನಮಗೆ ಸಿಗುವ ದೊಡ್ಡ ಮಾದರಿ ಇನ್ನೂ ಸಾವಿತ್ರಿಯೇ. ಹಬ್ಬದ ಹಾಡುಗಳಲ್ಲಿ, ನಾಟಕಗಳಲ್ಲಿ ನಾವು ಉಳಿಸಿಕೊಂಡದ್ದು ಯಮನ ಜೊತೆಗಿನ ವಾದ ಮತ್ತು ಗೆಲುವು. ಈ ಮಾದರಿ ನನ್ನನ್ನು ಹೆದರಿಸುತ್ತದೆ. ವಾದದಲ್ಲಿ ಗೆದ್ದರೆ ಗಂಡ ಉಳಿದ ಎಂದಾದರೆ, ಉಳಿಸಿಕೊಳ್ಳಲಾಗದವರ ವಾದ ಸಾಲದಾಗಿತ್ತೇ? ಪಕ್ಕದ ಕಾಟಿನ ಆ ಹೆಂಗಸು ನಾಲ್ಕನೆಯ ದಿನ ಒಬ್ಬಳೇ ಹೊರಟಳು. ಅವಳ ಪ್ರೀತಿಗೆ ಏನು ಕಡಿಮೆಯಿತ್ತು?

ಆದರೆ ಮಹಾಭಾರತದ ಅರಣ್ಯಪರ್ವದಲ್ಲಿರುವ ಮೂಲ ಕಥೆ ನಮ್ಮ ನೆನಪಿಗಿಂತ ಜಾಣತನದ್ದು. ಅಲ್ಲಿ ವಾದಕ್ಕೆ ಮುಂಚೆ ಒಂದು ವರ್ಷವಿದೆ. ನಾರದ ಹೇಳಿದ ದಿನ ಸಾವಿತ್ರಿಗೆ ಗೊತ್ತು. ಅತ್ತೆ-ಮಾವನ ಸೇವೆ ಮಾಡುತ್ತಾ, ಗಂಡನಿಗೆ ಏನೂ ಹೇಳದೆ, ಒಳಗೊಳಗೇ ದಿನ ಎಣಿಸುತ್ತಾಳೆ. ಕಾಡಿನಲ್ಲಿ ಸೌದೆ ಕಡಿಯುವಾಗ ಅವನಿಗೆ ತಲೆನೋವು ಬಂದದ್ದು ಏನೆಂದು ತಕ್ಷಣ ಗುರುತಿಸುತ್ತಾಳೆ. ಯಮ ಹೊರಟುಹೋದ ಮೇಲೂ ಕಥೆ ಮುಗಿಯುವುದಿಲ್ಲ. ಕತ್ತಲಾಗಿದೆ, ಸತ್ಯವಂತನಿಗೆ ನಿಶ್ಶಕ್ತಿ, ಮನೆ ದೂರ. ಹಣ್ಣಿನ ಬುಟ್ಟಿಯನ್ನು ಅವಳು ಮರದ ಕೊಂಬೆಗೆ ನೇತುಹಾಕುತ್ತಾಳೆ, ಅದನ್ನು ನಾಳೆ ಒಯ್ದರಾಯಿತು. ಕೊಡಲಿಯನ್ನು ತಾನೇ ಹಿಡಿದುಕೊಳ್ಳುತ್ತಾಳೆ. ಅವನ ತೋಳನ್ನು ತನ್ನ ಎಡ ಹೆಗಲಿಗೆ ಹಾಕಿಕೊಂಡು, ಬಲಗೈಯಿಂದ ಅವನನ್ನು ಬಳಸಿ, ನಿಧಾನವಾಗಿ ನಡೆಸಿಕೊಂಡು ಹೊರಡುತ್ತಾಳೆ.

ಯಾವುದನ್ನು ಬಿಡಬೇಕು, ಯಾವುದನ್ನು ಹೊರಬೇಕು, ಯಾವ ಹೆಗಲು ಕೊಡಬೇಕು ಎಂಬ ಈ ವಿವರ ಬರೆದವನು ಯಾವತ್ತೋ ಯಾರನ್ನೋ ಹೀಗೆ ಮನೆಗೆ ಕರೆತಂದಿರಬೇಕು ಎಂದು ನನಗೆ ಅನಿಸುತ್ತದೆ. ಇನ್ನೂ ಎರಡು ಕೀಮೋ ಬಾಕಿ ಇವೆ. ಈ ವಿವರಗಳ ಕಥೆಯನ್ನು ಕನ್ನಡದಲ್ಲಿ ಯಾರಾದರೂ ಬರೆದಿದ್ದರೆ ತಿಳಿಸಿ, ನಾವಿಬ್ಬರೂ ಓದುತ್ತೇವೆ.